ಆರು ನವಿಲುಗಳ ಕತ್ತು

"ಸೊಂಟಕ್ಕೆ ಸಿಕ್ಕಿಸೋ ಕಡೆಯಿಂದ ಒಂದು ಗೇಣು ಕತ್ತರಿಸ್ಕೊ ಕಣಮ್ಮ, ಯಾರಿಗೂ ಕಾಣಲ್ಲ," ಎಂದು ಅತ್ತೆ ಸಿದ್ದಲಿಂಗಮ್ಮ ನಯನಾಳ ಕೌದಿಗೆಂದು ತಮ್ಮ ನವಿಲಿನ ಸೀರೆ ಕೊಟ್ಟಿದ್ದರು.

ಒಂದೇ ಚಿತ್ರದ ಆರು ತ್ರಿಕೋನ ಜೋಡಿಸಿದರೆ ಕೌದಿಯಲ್ಲಿ ಕೆಲಿಡೋಸ್ಕೋಪಿನಂತೆ ಹೊಸ ಹೂವು ಮೂಡುತ್ತದೆ. ಆ ಗೇಣಿನಲ್ಲಿ ಒಂದೇ ನವಿಲಿತ್ತು. ನಯನಾ ಆಸೆ ತಡೆಯಲಾರದೆ ಸೀರೆಯುದ್ದಕ್ಕೂ ಆರು ನವಿಲುಗಳ ಕತ್ತನ್ನು ತ್ರಿಕೋನವಾಗಿ ಕತ್ತರಿಸಿ ಹೂವಾಗಿ ಹೊಲಿದಳು. ಸೀರೆಯನ್ನು ಮಡಿಸಿ ಬೀರುವಿನಲ್ಲಿಟ್ಟಳು.

ಸಂಜೆ ಅತ್ತೆ ಹೂವನ್ನು ತಿರುಗಿಸಿ ನೋಡಿದರು. "ಎಷ್ಟು ಚೆಂದಾಗದೆ! ಇದ್ರಲ್ಲಿ ನವಿಲೇ ಕಾಣಲ್ಲ, ನನ್ ಸೀರೇದಲ್ಲ ಬುಡು. ನನ್ ಸೀರೆ ಹಂಗೇ ಅದೆ ತಾನೆ? ದಸರಾಕ್ಕೆ ಉಡ್ಬೇಕು."

ಹೌದು ಎಂದಿದ್ದರೆ ಆ ಸಂಜೆ ಕಳೆಯುತ್ತಿತ್ತು. ನಯನಾ ಸೀರೆ ತಂದು ಅತ್ತೆಯ ಮಡಿಲಲ್ಲಿ ಬಿಚ್ಚಿದಳು. ಅತ್ತೆಯ ಬೆರಳು ಒಂದು ತೂತಿನಲ್ಲಿ ತೂರಿತು.

"ಇಷ್ಟೂ ಕುಯ್ದ್‌ಬುಟ್ಟೆಯಾ? ಕೇಳಿದ್ರೆ ಬ್ಯಾಡ ಅಂತಿದ್ನೇನಮ್ಮ?"

ನಯನಾಳಿಗೆ ಆ ಹೂವನ್ನು ಮತ್ತೆ ನೋಡಲಾಗಲಿಲ್ಲ.