ಕನೇಲಾ ಬಳಸಿ ನಡೆದ ದಾರಿ

"ಹಾವು ಇನ್ನೇನು ಮಾಡ್ಬೇಕಿತ್ತು ಕೊಂಪಾದ್ರೆ, ನಿನ್ನ ಅಂಗಿ ಹಿಡಿದು ಎಳೀಬೇಕಿತ್ತಾ?"

ಅಂಗಿ ಹಿಡಿದು ಎಳೆದವಳು ಅಂಪಾರೋನೇ. ಹಿಂದಿನಿಂದ ಕಾಲರಿಗೆ ಕೈ ಹಾಕಿ ಅವಳು ಜಗ್ಗಿದ ರಭಸಕ್ಕೆ ಫೆರ್ಮಿನ್ ಮರಳಿನ ಮೇಲೆ ಕೂತೇಬಿಟ್ಟಿದ್ದ. ಕೋವಿ ಆಕಾಶ ನೋಡುತ್ತಿತ್ತು. ಅವನು ಮುಂದಿನ ಹೆಜ್ಜೆ ಇಡಬೇಕಾಗಿದ್ದ ಜಾಗದಲ್ಲಿ, ಮೆಸ್ಕೀಟ್ ಜಾಲಿಯ ಬುಡದ ನೆರಳಲ್ಲಿ, ಗಿಲಕಿ ಹಾವೊಂದು ಹಗ್ಗದ ಸಿಂಬಿಯ ಹಾಗೆ ಸುತ್ತಿಕೊಂಡು ತಲೆಯೆತ್ತಿತ್ತು. ಬಾಲದ ತುದಿ ಮಸುಕಾಗಿ ಕಾಣುವಷ್ಟು ವೇಗವಾಗಿ ನಡುಗುತ್ತಿತ್ತು.

ಫೆರ್ಮಿನ್ ಕೂತಲ್ಲಿಂದಲೇ ಹಿಂದೆ ಹಿಂದೆ ಸರಿದು ಎದ್ದು, ಪ್ಯಾಂಟಿನ ಮರಳು ಕೊಡವಿಕೊಂಡ. ತನಗೆ ಸದ್ದು ಕೇಳಿಸಿತ್ತು, ನಿಲ್ಲಬೇಕು ಅಂತಲೇ ಇದ್ದೆ, ಅಷ್ಟರಲ್ಲಿ ನೀನು ಅವಸರ ಮಾಡಿದೆ ಎಂದು ಅವಳ ಮೇಲೆಯೇ ತಪ್ಪು ಹೊರಿಸಿದ. ಹಾವನ್ನು ಹೊಡೆಯುವ ಮಾತು ಇಬ್ಬರೂ ಎತ್ತಲಿಲ್ಲ. ಅದು ತನ್ನ ಕೆಲಸ ತಾನು ಮಾಡಿತ್ತು.

ಅಂಪಾರೋ ಅವನನ್ನೊಮ್ಮೆ ನೋಡಿದಳು, ಹಾವನ್ನೊಮ್ಮೆ ನೋಡಿದಳು. ಆಮೇಲೆ ಅವನ ಭುಜ ಹಿಡಿದು ಹಾವಿನ ಕಡೆ ಬೆನ್ನು ಮಾಡಿ ನಿಲ್ಲಿಸಿದಳು.

"ಈಗ ಹೇಳು. ಗಿಲಕಿ ಆಡಿಸ್ತಿದೆಯಾ, ಸುಮ್ನಿದೆಯಾ?"

"ಸುಮ್ನಾಯ್ತಲ್ಲ ಆಗ್ಲೇ."

ಅವನ ಬೆನ್ನ ಹಿಂದೆ ಗಿಲಕಿ ಕಾದ ಬಾಣಲೆಗೆ ನೀರು ಚಿಮುಕಿಸಿದಂತೆ ಚರಚರ ಎನ್ನುತ್ತಲೇ ಇತ್ತು. ಅಂಪಾರೋ ಅವನನ್ನು ಮತ್ತೆ ಹಾವಿನ ಕಡೆ ತಿರುಗಿಸಿದಳು. ಇನ್ನೂ ನಡುಗುತ್ತಿದ್ದ ಬಾಲ ನೋಡಿ ಫೆರ್ಮಿನ್‌ಗೆ ಎಲ್ಲ ಅರ್ಥವಾಯಿತು.

ತಾಮ್ರದ ಗಣಿಯಲ್ಲಿ ಬಂಡೆ ಕೊರೆದೂ ಕೊರೆದೂ ಅವನ ಕಿವಿ ಸವೆದಿತ್ತು. ಮೊದಲು ಹೋದದ್ದು ಜೀರುಂಡೆಯ ಸದ್ದು. ಈ ವರ್ಷ ಜೀರುಂಡೆ ಕಡಿಮೆ ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗಿದ್ದ. ಆಮೇಲೆ ನೀರು ಕಾಯುವ ಕೆಟಲ್ಲಿನ ಸಿಳ್ಳೆ ಹೋಯಿತು. ಕೆಟಲ್ ಕೆಟ್ಟಿದೆ ಎಂದು ಹೊಸದು ತಂದ. ಅದೂ ಸಿಳ್ಳೆ ಹಾಕಲಿಲ್ಲ. ಮಾತು ಕೇಳುತ್ತಿತ್ತು, ಟ್ರಕ್ಕು ಕೇಳುತ್ತಿತ್ತು, ಗುಡುಗು ಕೇಳುತ್ತಿತ್ತು. ಸಣ್ಣ ಚೂಪು ಸದ್ದುಗಳು ಮಾತ್ರ ಒಂದೊಂದಾಗಿ ಹೇಳದೆ ಕೇಳದೆ ಹೊರಟುಹೋಗಿದ್ದವು.

ಅವರು ದೂರದ ಇನ್ನೊಂದು ಮರದ ನೆರಳಿಗೆ ಹೋಗಿ ಕೂತರು. ಅಂಪಾರೋ ಚೀಲದಿಂದ ಬುರ್ರೋಗಳನ್ನು ತೆಗೆದಳು. ತೆಳ್ಳನೆಯ ಗೋಧಿ ತೊರ್ತಿಯಾ ರೊಟ್ಟಿಯೊಳಗೆ ಒಣ ಮಾಂಸದ ಪಲ್ಯ ಸುತ್ತಿದ್ದಳು. ಇಬ್ಬರ ತಲೆಯಲ್ಲೂ ಇದ್ದದ್ದು ದೆಲ್ಫೀನಾ. ಅವಳು ಫೆರ್ಮಿನ್‌ನ ಮಗಳು. ಅಂಪಾರೋ ಅವಳಿಗೆ ಜ್ಞಾನಸ್ನಾನದ ಧರ್ಮತಾಯಿ. ಅದರಿಂದಲೇ ಇವರು ಒಬ್ಬರಿಗೊಬ್ಬರು ಕೊಂಪಾದ್ರೆ, ಕೊಮಾದ್ರೆ. ಬೇಟೆಯ ಕಾಲ ಶುರುವಾಗುವ ಮೊದಲು ದೆಲ್ಫೀನಾ ಅಪ್ಪನನ್ನು ಬಿಟ್ಟು ಧರ್ಮತಾಯಿಯ ಹತ್ತಿರ ಮಾತು ತೆಗೆದುಕೊಂಡಿದ್ದಳು: ಅಪ್ಪ ಸರಿಯಾಗಿದ್ದಾನೆ ಅಂತ ನೀನು ಹೇಳುವವರೆಗೆ ನಾನು ಬಾಯಿ ಹಾಕಲ್ಲ, ಇಲ್ಲ ಅಂದ ದಿನ ಕೋವಿ ನನ್ನ ಮನೆಗೆ ಬರುತ್ತೆ.

ಕೋವಿ ಹೋದರೆ ಹೋಗಲಿ, ಅದರ ಜೊತೆ ಈ ಬೇಟೆಯ ತಿರುಗಾಟವೂ ಹೋಗುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಫೆರ್ಮಿನ್‌ನನ್ನು ಬೆಳಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಈ ಮರುಭೂಮಿ. ಕಳ್ಳಿಯ ಮೇಲೆ ಬೀಳುವ ಎಳೆ ಬಿಸಿಲು, ಒಣ ಹಳ್ಳದ ತಣ್ಣನೆ ಮರಳು, ನಾಯಿಯ ಹಿಂದೆ ಓಡಾಟ. ಇದಿಲ್ಲದಿದ್ದರೆ ಎದ್ದು ಮಾಡುವುದೇನು?

"ಅವಳಿಗೆ ಹೇಳ್ತೀಯಾ?"

"ಕೇಳಿದ್ರೆ ಹೇಳ್ಬೇಕಲ್ಲ. ದೇವರ ಮುಂದೆ ಎತ್ತಿ ಹಿಡಿದ ಕೂಸು ಅದು."

ಫೆರ್ಮಿನ್‌ಗೆ ಸಿಟ್ಟು ತೀರಿಸಿಕೊಳ್ಳಲು ಯಾರಾದರೂ ಬೇಕಿತ್ತು, ಅವನ ನಾಯಿ ಕನೇಲಾ ಸಿಕ್ಕಿತು. ಅದು ದೂರದಲ್ಲಿ, ಹಾವಿದ್ದ ಜಾಲಿಯಿಂದ ಬಹಳ ಆಚೆ, ನಾಲಿಗೆ ಚಾಚಿ ನಿಂತಿತ್ತು. ಎಲ್ಲ ಅದರಿಂದಲೇ ಆದದ್ದು ಎಂದ. ಬೇಟೆ ಶುರುವಾಗುವ ಮೊದಲು ಎಲ್ಲರ ಹಾಗೆ ಅವನೂ ಅದನ್ನು ಊರಾಚೆಯ ಬಯಲಿಗೆ ಪಾಠಕ್ಕೆ ಕರೆದೊಯ್ದಿದ್ದ. ಅಲ್ಲಿ ಬಾಯಿ ಕಟ್ಟಿದ ಗಿಲಕಿ ಹಾವನ್ನು ನೆಲಕ್ಕೆ ಬಿಟ್ಟು, ನಾಯಿ ಮೂಸಲು ಹೋದ ಕೂಡಲೇ ಕೊರಳಪಟ್ಟಿಯಿಂದ ಕರೆಂಟಿನ ಚುರುಕು ಮುಟ್ಟಿಸುತ್ತಾರೆ. ಆವತ್ತಿನಿಂದ ಇದರ ಬುದ್ಧಿ ಸೊಟ್ಟಗಾಗಿದೆ, ನೆಟ್ಟಗೆ ಲಾವಕ್ಕಿಯ ಜಾಡು ಹಿಡಿದು ಹೋಗುತ್ತಿದ್ದದ್ದು ಇದ್ದಕ್ಕಿದ್ದಂತೆ ಪಕ್ಕಕ್ಕೆ ಬಳಸಿಕೊಂಡು ಓಡುತ್ತೆ, ಬೆಳಗಿನಿಂದ ಸಿಳ್ಳೆ ಹಾಕಿ ಕರೆದೂ ಕರೆದೂ ತುಟಿ ಒಣಗಿತು ಎಂದು ದೂರಿದ.

ಅಂಪಾರೋ ಅಗಿಯುವುದನ್ನು ನಿಲ್ಲಿಸಿದಳು.

"ಇಲ್ಲೂ ಬಳಸ್ತಾ?"

"ಇಲ್ಲೂ ಅಷ್ಟೆ. ನಾನು ಕರೀತಾ ನೆಟ್ಟಗೆ ಬಂದೆ, ಅದು ಅಲ್ಲೇ ನಿಂತ್ಕೊಳ್ತು."

"ಬೇರೆ ಎಲ್ಲಿ?"

ಬೆಳಗ್ಗೆ ಆ ದೊಡ್ಡ ಕಾಡಿಲಿ ಗೂಡಿನ ಹತ್ತಿರ ಎಂದು ಹೇಳುತ್ತಾ ಹೇಳುತ್ತಾ ಫೆರ್ಮಿನ್‌ನ ಮಾತು ನಿಧಾನವಾಯಿತು. ಅಂಪಾರೋ ಆಗಲೇ ಬುರ್ರೋವನ್ನು ಬಟ್ಟೆಯಲ್ಲಿ ಸುತ್ತಿ ಎದ್ದಿದ್ದಳು.

ಬಂದ ದಾರಿಯಲ್ಲೇ ಹಿಂದಕ್ಕೆ ಹೋದರು. ಕಾಡಿಲಿಯ ಗೂಡು ಎಂದರೆ ಕಡ್ಡಿ, ಕಳ್ಳಿಯ ಮುಳ್ಳುತುಂಡು, ಒಣ ಸಗಣಿ ಎಲ್ಲ ಸೇರಿದ ಮೊಣಕಾಲೆತ್ತರದ ಗುಡ್ಡೆ. ನಾಯಿ ಅದನ್ನು ದೊಡ್ಡದಾಗಿ ಸುತ್ತುಹಾಕಿ ಹೋದ ಹೆಜ್ಜೆ ಮರಳಿನಲ್ಲಿ ಸ್ಪಷ್ಟವಾಗಿತ್ತು. ಅಂಪಾರೋ ದೂರದಲ್ಲೇ ಕುಕ್ಕರುಗಾಲಲ್ಲಿ ಕೂತು, ಟೋಪಿಯನ್ನು ಕಣ್ಣಿಗೆ ಅಡ್ಡ ಹಿಡಿದಳು. ಬಹಳ ಹೊತ್ತು ಏನೂ ಕಾಣಲಿಲ್ಲ. ಕಡ್ಡಿಗಳ ಮಧ್ಯೆ ಕಡ್ಡಿಯ ಬಣ್ಣದ್ದೇ ಒಂದು ಸುರುಳಿ. ಅದರೊಳಗಿಂದ ಕಪ್ಪು ನಾಲಿಗೆ ಒಮ್ಮೆ ಹೊರಬಂದು ಒಳಗೆ ಹೋಯಿತು. ಬಾಲ ಅಲ್ಲಾಡಲಿಲ್ಲ.

ಆ ಸುರುಳಿಯಿಂದ ಮೊಳದಷ್ಟು ದೂರದಲ್ಲಿ ಬೂಟಿನ ಗುರುತೊಂದಿತ್ತು. ಫೆರ್ಮಿನ್ ತನ್ನ ಕಾಲು ನೋಡಿಕೊಂಡ. ಅವನ ಕಾಲಿಗಿಂತ ಚಿಕ್ಕದು.

"ನಂದೇ," ಎಂದಳು ಅಂಪಾರೋ.

"ನಿಂಗೆ ಕೇಳಿಸ್ಲಿಲ್ವಾ?"

"ಅದು ಸದ್ದು ಮಾಡಿದ್ರೆ ತಾನೆ ಕೇಳಿಸೋದು? ನನ್ನ ಕಿವಿ ಕಟ್ಕೊಂಡು ಅದಕ್ಕೇನು. ಇಷ್ಟು ಹತ್ರ ಹೋಗಿ ಬಂದಿದ್ದೀನಿ, ಅಮ್ಮಾ."

ಫೆರ್ಮಿನ್‌ಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡ. ಆಮೇಲೆ ಕನೇಲಾ ಇದ್ದಲ್ಲಿಗೇ ನಡೆದುಹೋಗಿ, ಮಂಡಿಯೂರಿ, ತನ್ನ ಪಾಲಿನ ಮಾಂಸವನ್ನೆಲ್ಲ ಅಂಗೈಯಲ್ಲಿ ಹಿಡಿದ. ನಾಯಿ ಮೊದಲು ಅನುಮಾನಿಸಿತು. ಬೆಳಗಿನಿಂದ ಬೈಗುಳ ತಿಂದಿತ್ತು ಪಾಪ. ಆಮೇಲೆ ಅಂಗೈ ನೆಕ್ಕಿ ನೆಕ್ಕಿ ಖಾಲಿ ಮಾಡಿತು. ಅವನು ಅದರ ಕಿವಿಯ ಬುಡ ತುರಿಸುತ್ತಾ ಏನೇನೋ ಹೇಳಿದ; ಅದು ಅವರಿಬ್ಬರ ಮಾತು. ಇಷ್ಟು ದಿನ ಗಿಲಕಿಯ ಸದ್ದಿಗಿಂತ ಮುಂಚೆಯೇ ಬರುತ್ತಿದ್ದ ಸುದ್ದಿಯನ್ನು ತಾನು ಸಿಳ್ಳೆ ಹಾಕಿ ಓಡಿಸುತ್ತಿದ್ದೆನಲ್ಲ ಎಂದು ಅವನಿಗೆ ನಾಚಿಕೆಯೂ ಆಯಿತು, ಎದೆ ಹಗುರವೂ ಆಯಿತು.

ಅಂಪಾರೋ ಬಂದು ಪಕ್ಕದಲ್ಲಿ ನಿಂತಳು. "ದೆಲ್ಫೀನಾಗೆ ನಿಜಾನೇ ಹೇಳ್ತೀನಿ. ನಿಮ್ಮಪ್ಪನ ಕಿವಿ ಹೋಗಿದೆ, ತುಸಾನ್ ಪೇಟೆಯಲ್ಲಿ ಡಾಕ್ಟರಿಗೆ ತೋರ್ಸು ಅಂತ. ನಾಯಿ ಬಳಸಿದ್ ಕಡೆ ನಾವಿಬ್ರೂ ಬಳಸ್ತೀವಿ, ಅದಕ್ಕಿಂತ ಮುಂದೆ ಹೆಜ್ಜೆ ಇಡಲ್ಲ ಅಂತಾನೂ ಹೇಳ್ತೀನಿ. ಅಷ್ಟರ ಮೇಲೆ ಬೇಡ ಅಂದ್ರೆ ನನ್ನ ಜೊತೆ ಜಗಳ ಆಡ್ಲಿ."

"ಕೋವಿ ವಿಷಯ ಕೇಳಿದ್ರೆ?"

"ಅದರಿಂದ ಈ ವರ್ಷ ಯಾರಿಗೂ ತೊಂದ್ರೆ ಆಗಿಲ್ಲ ಅಂತೀನಿ. ಲಾವಕ್ಕಿಗೂ ಆಗಿಲ್ಲ."

ಫೆರ್ಮಿನ್ ಉತ್ತರಿಸಲು ಬಾಯಿ ತೆರೆದವನು ಹಾಗೇ ನಿಂತ. ಹಳ್ಳದ ಆಚೆ ದಿಬ್ಬದ ಹಿಂದಿನಿಂದ ಗಂಡು ಲಾವಕ್ಕಿಯೊಂದು ಗಂಟಲಲ್ಲೇ ದಪ್ಪಗೆ ಕೂಗಿತು. ಆ ದಪ್ಪ ದನಿ ಅವನಿಗೆ ಸ್ಪಷ್ಟವಾಗಿ ಕೇಳಿಸಿತು; ಚೀಲದ ದಾರ ಕಟ್ಟುತ್ತಿದ್ದ ಅಂಪಾರೋಗೆ ಕೇಳಿಸಿರಲಿಲ್ಲ. ಅವನು ಅವಳ ತೋಳು ಮುಟ್ಟಿ ದಿಬ್ಬದ ಕಡೆ ಕೈ ತೋರಿಸಿದ. ಕನೇಲಾ ಆಗಲೇ ಹೊರಟಿತ್ತು. ಅವನು ಟೋಪಿ ಸರಿಮಾಡಿಕೊಂಡು ಅದರ ಹಿಂದೆ ಹಳ್ಳಕ್ಕೆ ಇಳಿದ.