ಪರದೆಯ ಮೇಲಿನ ಇಬ್ಬನಿ

ನನ್ನ ಹೆಂಡತಿ ಕಮಲಾಬಾಯಿ ಇಬ್ಬನಿಯ ಮಾತು ಹೇಳಿದ್ದು ಚೈತ್ರದಲ್ಲಿ. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಜ್ಯೇಷ್ಠದಲ್ಲಿ ಮೂರು ದಿನದ ಜ್ವರಕ್ಕೆ ಅವಳು ಹೋದಳು. ಭಾದ್ರಪದದಲ್ಲಿ ಕಿತ್ತೂರಿನ ಒಂದು ಬಯಲಿನಲ್ಲಿ ನಿಂತಿದ್ದಾಗ ಆ ಮಾತಿನ ಅರ್ಥ ನನಗಾಯಿತು. ಅಷ್ಟರಲ್ಲಿ ನಾನು ಇಪ್ಪತ್ತಾರು ಊರು ತಿರುಗಿದ್ದೆ.

ಆಗ ನಮ್ಮ ಮಲಪ್ರಭೆಯ ದಂಡೆಯಲ್ಲಿ ಹೈಬ್ರಿಡ್ ಹತ್ತಿಯ ಬೀಜ ಬೆಳೆಯುವ ಹುರುಪು ಹೊಸದು. ಬೀಜ ಬೆಳೆಗಾರರ ಸಂಘವೊಂದು ಹುಟ್ಟಿಕೊಂಡಿತ್ತು. ಕೆಲಸ ಹೇಗೆ ಮಾಡಬೇಕೆಂದು ರೈತರಿಗೆ ತೋರಿಸಲು ಸಂಘದವರು ಇಪ್ಪತ್ತು ನಿಮಿಷದ ಸಿನೆಮಾ ಒಂದನ್ನು ತೆಗೆಸಿದ್ದರು. ಅದಕ್ಕೆ ಮಾತು ಇರಲಿಲ್ಲ. ಮುನವಳ್ಳಿಯ ಸಾಲೆಯಲ್ಲಿ ಮಾಸ್ತರಿಕೆ ಮುಗಿಸಿ ಮನೆಯಲ್ಲಿದ್ದ ನನ್ನ ಹತ್ತಿರ ಬಂದು, "ಚಿತ್ರ ಓಡುವಾಗ ಮೈಕಿನಲ್ಲಿ ಹೇಳುವ ಮಾತು ನೀವು ಬರೆದುಕೊಡಬೇಕು, ನೀವೇ ಓದಬೇಕು" ಎಂದರು. ಪುಸ್ತಕದ ಕನ್ನಡ ಹೊಲದ ಹೆಣ್ಣುಮಕ್ಕಳಿಗೆ ಹಿಡಿಸುವುದಿಲ್ಲವೆಂದು ಚಿತ್ರ ಬರುವ ಮೊದಲೇ, ಅವರು ಕೊಟ್ಟ ಕೆಲಸದ ಪಟ್ಟಿ ನೋಡಿ ನಮ್ಮ ಕಡೆಯ ಮಾತಿನಲ್ಲೇ ಬರೆದೆ. ಒಂದೊಂದು ಸಾಲನ್ನೂ ಕಮಲಾಬಾಯಿಗೆ ಓದಿ, ಅವಳು ಹೂಂ ಎಂದ ಮೇಲೆ ಇಟ್ಟುಕೊಂಡೆ. ಆ ನಾಲ್ಕು ಹಾಳೆಗಳ ಬಗ್ಗೆ ನನಗೆ ಹೆಮ್ಮೆಯಿತ್ತು.

ಅದರಲ್ಲಿದ್ದ ಕೆಲಸ ಇಷ್ಟು. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ಗುರುತಿಸಬೇಕು. ಉಗುರಿನಿಂದ ಬುಡದ ಸುತ್ತ ಸೀಳಿ ಎಸಳನ್ನೂ ಗಂಡು ಕೇಸರವನ್ನೂ ಒಟ್ಟಿಗೆ ತಿರುವಿ ತೆಗೆಯಬೇಕು. ನಡುವಿನ ಹೆಣ್ಣು ಕಡ್ಡಿಯೊಂದನ್ನೇ ಉಳಿಸಿ ಅದಕ್ಕೆ ಕೆಂಪು ಕಾಗದದ ಚೀಲ ತೊಡಿಸಬೇಕು. ಮರುದಿನ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಬೇರೆ ಜಾತಿಯ ಹತ್ತಿಯ ಹೂವನ್ನು ತಂದು ಆ ಕಡ್ಡಿಗೆ ಮುಟ್ಟಿಸಿ, ತೊಟ್ಟಿಗೆ ದಾರ ಕಟ್ಟಬೇಕು. ಸಂಜೆ ಬಿಟ್ಟು ಬೆಳಿಗ್ಗೆ ಮೊಗ್ಗು ಬಿಡಿಸಿದರೆ, ಅಷ್ಟು ಹೊತ್ತಿಗೆ ಹೂವಿನ ಸ್ವಂತ ಪುಡಿಯೇ ಅದಕ್ಕೆ ತಗುಲಿರುತ್ತದೆ. ಕಾಯಿ ಕಟ್ಟುತ್ತದೆ, ಆದರೆ ಬೀಜ ಹೈಬ್ರಿಡ್ ಆಗುವುದಿಲ್ಲ.

ಮುನವಳ್ಳಿಯಲ್ಲಿ ಮೊದಲ ಸಲ ಸಿನೆಮಾ ತೋರಿಸಿದ ದಿನ ಮನೆಗೆ ಬಂದು ಕೈಕಾಲು ತೊಳೆಯುತ್ತಿದ್ದೆ. ಕಮಲಾಬಾಯಿ ಚೊಂಬು ಹಿಡಿದು ನಿಂತಿದ್ದಳು.

"ಅಲ್ರೀ, ನೀವು ಸಂಜಿ ಸಂಜಿ ಅಂತೀರಿ. ಎಲಿ ಮ್ಯಾಲೆ ಇಬ್ಬನಿ ಅದಲ್ಲ?"

"ಎಲ್ಲಿ ಇಬ್ಬನಿ?"

"ಆ ಹೆಣ್ಣಮಗಳು ಮೊಗ್ಗಿಗೆ ಕೈ ಚಾಚ್ತಾಳಲ್ಲ, ಆವಾಗ. ಹನಿ ಉದುರಿದ್ದು ಕಾಣ್ತದ."

"ಔಷಧ ಹೊಡೆದಿರಬೇಕು. ನೀ ಸಿನೆಮಾ ನೋಡಲಿಕ್ಕೆ ಬಂದಿದ್ದಿಯೋ, ತಪ್ಪು ಹುಡುಕಲಿಕ್ಕೆ ಬಂದಿದ್ದಿಯೋ?"

"ಮೂವತ್ತೆಂಟು ವರ್ಷ ಆತು, ಮುಂಜಾನೆದ್ದು ನಿಮ್ಮ ದೇವರಿಗೆ ಹೂವು ತರ್ಲಿಕ್ಕತ್ತು. ಇಬ್ಬನಿ ನನಗ ಗೊತ್ತಾಗೂದಿಲ್ಲೇನು?" ಎಂದು ನಕ್ಕು ಒಳಗೆ ಹೋದಳು.

ಅವಳು ತೀರಿಕೊಂಡ ಮೇಲೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ಇರುವುದು ನನ್ನಿಂದಾಗಲಿಲ್ಲ. ತುಳಸಿಯ ಮುಂದೆ ಅವಳು ದೀಪ ಇಡುತ್ತಿದ್ದ ಗೂಡು ಬರಿದಾಗಿತ್ತು. ಸಂಧ್ಯಾವಂದನೆಗೆ ಕುಳಿತರೆ ಅರ್ಘ್ಯದ ಲೆಕ್ಕ ತಪ್ಪುತ್ತಿತ್ತು. ಕರ್ಮಗಳೆಲ್ಲ ಮುಗಿದ ಮೇಲೆ ಸಂಘದವರಿಗೆ ನಾನಾಗಿಯೇ ಹೇಳಿ ಕಳಿಸಿದೆ: ಯಾವ ಊರಾದರೂ ಸರಿ, ಬರುತ್ತೇನೆ. ಆಮೇಲೆ ಸಿನೆಮಾ ಮೋಟಾರಿನಲ್ಲಿ ದಿನಕ್ಕೊಂದು ಊರು. ಮೋಟಾರು ಹೊಡೆಯುವವನೂ ಯಂತ್ರ ನಡೆಸುವವನೂ ಅಂದಾನೆಪ್ಪನೇ. ನಾನು ಪರದೆಗೆ ಬೆನ್ನು ಮಾಡಿ, ಬ್ಯಾಟರಿಯ ಬೆಳಕಿನಲ್ಲಿ ಹಾಳೆ ಹಿಡಿದು ಓದುತ್ತಿದ್ದೆ. ದೃಶ್ಯ ಬದಲಾದರೆ ಅವನು ತಗಡಿನ ಡಬ್ಬಿಯ ಮೇಲೆ ಬೆರಳಿನಿಂದ ಕುಟ್ಟುತ್ತಿದ್ದ. ನಾನು ಮುಂದಿನ ಸಾಲಿಗೆ ಹೋಗುತ್ತಿದ್ದೆ.

ಕಿತ್ತೂರಿನಲ್ಲಿ ಚಿತ್ರ ಅರ್ಧವಾಗಿದ್ದಾಗ ಮೈಕು ಕೆಟ್ಟಿತು. ಜನ ಗಲಾಟೆ ಮಾಡಿದರು. ಅಂದಾನೆಪ್ಪ ಚಿತ್ರವನ್ನು ಮೊದಲಿನಿಂದ ಮಾತಿಲ್ಲದೆ ಓಡಿಸಿದ. ನನಗೆ ಕೆಲಸವಿರಲಿಲ್ಲ. ತಿರುಗಿ ನಿಂತು ನೋಡಿದೆ. ಇಪ್ಪತ್ತಾರು ಊರುಗಳಲ್ಲಿ ಆ ಚಿತ್ರಕ್ಕೆ ಮಾತಾಡಿದವನು ಅದನ್ನು ಕಂಡದ್ದು ಅಂದೇ ಮೊದಲು.

ಚಿತ್ರದ ಹೆಣ್ಣುಮಗಳು ಮೊಗ್ಗಿಗೆ ಕೈ ಚಾಚಿದಳು. ಎಲೆಯ ಅಂಚಿನಿಂದ ಸಾಲಾಗಿ ಮೂರು ಹನಿ ಉದುರಿದವು. ಅವಳ ಮೊಣಕೈಯವರೆಗೆ ಒದ್ದೆ ಹೊಳೆಯುತ್ತಿತ್ತು.

"ಅಂದಾನೆಪ್ಪಾ, ಇದನ್ನ ತೆಗೆದದ್ದು ಯಾವ ಹೊತ್ತಿನಾಗ?"

"ಮುಂಜಾನಿರಿ. ನಾ ಅಲ್ಲೇ ಇದ್ನಿ. ಸಂಜಿಮುಂದ ಮಾಡ ಹಾಕಿ ಬೆಳಕ ಸಾಲಲಿಲ್ಲ. ಮರುದಿನ ಮುಂಜಾನಿ ತಗದ್ರು. ಕೈ ಅಷ್ಟ ಕಾಣತಾವ, ಹೊತ್ತ ಯಾರ ನೋಡತಾರಂತ ಅಂದ್ರು."

"ನೋಡಿದವರು ಹಂಗೇ ಮಾಡಿದ್ರ?"

"ನೀವು ಸಂಜಿ ಅಂತ ಬಾಯಿಬಿಟ್ಟ ಹೇಳತೀರಲ್ರಿ." ಅಂದವನು ನನ್ನತ್ತ ತಿರುಗಿದ. "ಖರೇ ಅಂದ್ರ, ಮೊನ್ನಿ ತೊರಗಲ್ ಕಡೆ ಹೋಗಿದ್ದಾಗ ರಾಚವ್ವ ಸಿಕ್ಕಿದ್ಲು. ಮುಂಜಾನೆದ್ದ ಮೊಗ್ಗ ಬಿಡಸಾಕ ಹತ್ತೇವಿ ಅಂತಿದ್ಲು. ನಾ ಲಕ್ಷ್ಯ ಕೊಡಲಿಲ್ಲ."

ರಾಚವ್ವನನ್ನು ನಾನು ಚೆನ್ನಾಗಿ ಬಲ್ಲೆ; ಅವಳ ಊರಿನಲ್ಲಿ ಶ್ರಾವಣದಲ್ಲಿ ಚಿತ್ರ ತೋರಿಸಿದ್ದೆವು. ಗಂಡ ಸತ್ತು ನಾಲ್ಕು ವರ್ಷ. ಹೊಲವನ್ನು ಮೈದುನ ಶಂಕರೆಪ್ಪ ಹೂಡುತ್ತಿದ್ದ. ಈ ವರ್ಷ ಒಂದು ಎಕರೆ ನನ್ನ ಕೈಗೆ ಕೊಡು, ಬೀಜದ ಹತ್ತಿ ಬೆಳೆಯುತ್ತೇನೆ ಎಂದು ಅವಳು ಹಿರಿಯರನ್ನು ಕೂಡಿಸಿ ಕೇಳಿದ್ದಳು. ಬೀಜ ಪಾಸಾದರೆ ಹೊಲ ಅವಳಲ್ಲೇ ಉಳಿಯಬೇಕು, ಆಗದಿದ್ದರೆ ಮರಳಿ ಶಂಕರೆಪ್ಪನ ಕೈಗೆ ಹೋಗಬೇಕು. ಆ ಮಾತಿಗೆ ನಾನೂ ಸಾಕ್ಷಿಯಾಗಿದ್ದೆ. ಉಳಿದ ಊರುಗಳಲ್ಲಿ ಹೂವು ಇನ್ನೂ ಶುರುವಾಗಿರಲಿಲ್ಲ. ಅವಳದು ಮುಂಚೆ ಬಿತ್ತಿದ ಹೊಲ.

ಮೋಟಾರು ಮೈಕಿನ ರಿಪೇರಿಗೆ ಹುಬ್ಬಳ್ಳಿಗೆ ಹೋಗಬೇಕಿತ್ತು. ನಾನು ಬೆಳಗಿನ ಮೊದಲ ಬಸ್ಸು ಹಿಡಿದೆ. ಬೈಲಹೊಂಗಲದಲ್ಲಿ ಒಂದು ತಾಸು ಬಸ್ಸಿಲ್ಲ. ನಿಲ್ದಾಣದಲ್ಲಿ ಕುಳಿತುಕೊಳ್ಳಲಾರದೆ ಹಿಂದಕ್ಕೂ ಮುಂದಕ್ಕೂ ತಿರುಗಿದೆ. ಚಹದ ಅಂಗಡಿಯವನು "ಯಜಮಾನರ, ಬಸ್ಸು ನಿಮ್ಮ ತಿರುಗಾಟಕ್ಕ ಅಂಜಿ ಲಗೂನ ಬರೂದಿಲ್ರಿ" ಎಂದ. ಬಿಸಿಲು ಏರಿದ ಹಾಗೆಲ್ಲ ಲೆಕ್ಕ ಹಾಕುತ್ತಿದ್ದೆ: ಈಗ ರಾಚವ್ವ ಬಿಡಿಸುತ್ತಿದ್ದಾಳೆ, ಈಗ ದಾರ ಕಟ್ಟುತ್ತಿದ್ದಾಳೆ. ಸವದತ್ತಿಯಲ್ಲಿ ಬಸ್ಸು ಬದಲಿಸುವಾಗ ಗುಡ್ಡದ ಮೇಲಿನ ದೇವಿಯ ಕಡೆ ತಿರುಗಿ ಕೈ ಮುಗಿದೆ. ಏನು ಬೇಡಬೇಕೆಂದು ತಿಳಿಯಲಿಲ್ಲ. ಹೂವು ಅರಳದಿರಲಿ ಎಂದು ದೇವರನ್ನು ಬೇಡಲು ಬರುವುದಿಲ್ಲ.

ಹೊಲ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ರಾಚವ್ವನೂ ಅವಳ ಜೊತೆಗಾರ್ತಿ ಸತ್ಯವ್ವನೂ ಒಡ್ಡಿನ ಮೇಲೆ ರೊಟ್ಟಿ ತಿಂದು ಕೈ ತೊಳೆಯುತ್ತಿದ್ದರು.

"ಮಾಸ್ತರ ಬಂದ್ರ ನೋಡಬೇ!" ಎಂದಳು ಸತ್ಯವ್ವ. "ಹಾಡಹಗಲ ಸಿನೆಮಾ ತೋರಸ್ತಾರೋ ಏನೋ!"

ನಾನು ಕುಳಿತುಕೊಳ್ಳಲೂ ಇಲ್ಲ. "ರಾಚವ್ವಾ, ಮೊಗ್ಗು ಯಾವಾಗ ಬಿಡಸ್ಲಿಕ್ಕತ್ತೀರಿ?"

"ಮುಂಜಾನಿರಿ. ಬಿಡಿಸಿ, ಅಲ್ಲೇ ಹೂವ ಮುಟ್ಟಿಸಿ, ದಾರ ಕಟ್ಟಿಬಿಡತೇವಿ. ಇವತ್ತಿಗೆ ಒಂಬತ್ತ ದಿನ ಆತು."

"ಸಂಜಿ ಅಂತ ನಾ ಹೇಳಿದ್ದೆನಲ್ಲ?"

ಅವಳು ಸತ್ಯವ್ವನ ಮುಖ ನೋಡಿದಳು. "ಹೇಳಿದ್ರಿ. ಆದ್ರ ಸಿನೆಮಾದಾಗಿನಾಕಿ ಮುಂಜಾನಿ ಮಾಡಾಕ ಹತ್ತಿದ್ಲಲ್ರಿ. ಎಲಿ ಮ್ಯಾಲೆ ಇಬ್ಬನಿ ಇತ್ತು. ದೀಪದ ಹೊತ್ತಿನಾಗ ಹೂವಿಗೆ ಕೈ ಹಚ್ಚಬಾರದಂತ ನಮ್ಮವ್ವನೂ ಹೇಳತಿದ್ಲು. ಅದಕ್ಕ..."

"ಅದಕ್ಕ ಏನು?"

"ಅದಕ್ಕ ನೀವ ತಪ್ಪ ಓದೀರಂತ ತಿಳಕೊಂಡ್ವಿ," ಎಂದಳು ಸತ್ಯವ್ವ. "ಮನ್ಯಾಗಿನವ್ರ ಹೋಗಿ ಆವಾಗ ಇನ್ನ ಎರಡ ತಿಂಗಳಾಗಿತ್ತು. ಪಾಪ, ಮಾಸ್ತರ ಜೀವ ಎಲ್ಲಿರತೈತೋ ಏನೋ, ಮುಂಜಾನಿ ಅನ್ನೂದ ಸಂಜಿ ಅಂದಿರಬೇಕು. ಎದ್ದನಿಂತ ಕೇಳಿದ್ರ ನಾಕ ಮಂದ್ಯಾಗ ನಿಮಗ ಹ್ಯಾಂಗರ ಆದೀತಂತ ಸುಮ್ಮನಾದ್ವಿ."

ನಾನು ಒಡ್ಡಿನ ಮೇಲೆ ಕುಳಿತೆ. ನನ್ನ ಮೇಲಿನ ಕರುಣೆಯಿಂದ ಇವರು ನಾನು ಹೇಳಿದ ಸರಿಯನ್ನು ಬಿಟ್ಟು, ಚಿತ್ರದ ತಪ್ಪನ್ನು ಹಿಡಿದಿದ್ದರು. ಎಲ್ಲವನ್ನೂ ಬಿಡಿಸಿ ಹೇಳಿದೆ. ಕಮಲಾಬಾಯಿ ಹೇಳಿದ್ದನ್ನೂ ಮುಚ್ಚಲಿಲ್ಲ. ಒಂಬತ್ತು ದಿನದ ದಾರ ಕಟ್ಟಿದ ಹೂವು, ಮಿಡಿ ಯಾವುದೂ ಹೈಬ್ರಿಡ್ ಅಲ್ಲ ಎಂದೆ.

ರಾಚವ್ವ ಗಿಡಗಳ ಕಡೆ ನೋಡಿದಳು. ಸಾಲಿನ ತುಂಬ ಕೆಂಪು ದಾರ. "ನಾಳೆ ಬೀಜದ ಇನ್‌ಸ್ಪೆಕ್ಟರ ಬರತಾರ್ರಿ."

"ಬರಲಿ ಬಿಡ," ಎಂದಳು ಸತ್ಯವ್ವ. "ಕಾಯಿ ನೋಡಿ ಯಾವಾಗ ಬಿಡಿಸಿದ್ದಂತ ಅವ್ರಿಗೇನ ಗೊತ್ತಾಕ್ಕೈತಿ? ಇವತ್ತ ಸಂಜಿಯಿಂದ ಬರೋಬರಿ ಮಾಡೂಣು. ಹೌದಲ್ರಿ ಮಾಸ್ತರ? ಹೊರಗ ನೋಡಿದ್ರ ಗೊತ್ತಾಕ್ಕೈತೇನ್ರಿ?"

ಸುಳ್ಳು ಹೇಳಲು ಬಾರದು. "ಗೊತ್ತಾಗೂದಿಲ್ಲ. ಬರೋ ವರ್ಷ ಬಿತ್ತಿದವರಿಗೆ ಗೊತ್ತಾಗ್ತದ."

"ಯಾರ ಬಿತ್ತತಾರ್ರಿ ಇದನ್ನ?" ರಾಚವ್ವ ಕೇಳಿದಳು.

"ಯಾರಿಗೆ ಗೊತ್ತು, ಯಾವುದೋ ಊರಿನವರು."

"ನಮ್ಮ ಹೊಲದ್ದಂತ ಚೀಲದ ಮ್ಯಾಲೆ ಬರದಿರತೈತೇನ್ರಿ?"

"ಇಲ್ಲ."

ಅವಳು ಎದ್ದಳು, ಮತ್ತೆ ಕುಳಿತಳು, ಮತ್ತೆ ಎದ್ದಳು. "ನಾ ಬಿತ್ತಿದ ಬೀಜನೂ ಯಾರೋ ಬೆಳದದ್ದ ಅಲ್ಲೇನ?" ಎಂದು ಗೊಣಗಿದಳು. ಮೊದಲ ಗಿಡಕ್ಕೆ ಹೋಗಿ ದಾರ ಕಟ್ಟಿದ ಮಿಡಿಯೊಂದನ್ನು ಚಿವುಟಿ ಉಡಿಗೆ ಹಾಕಿಕೊಂಡಳು. ಎರಡನೆಯದನ್ನು ಚಿವುಟುವಾಗ ಅವಳ ಕಣ್ಣಲ್ಲಿ ನೀರಿತ್ತು. ಕೈ ಮಾತ್ರ ನಿಲ್ಲಲಿಲ್ಲ. ಸತ್ಯವ್ವ ಹಣೆ ಬಡಿದುಕೊಂಡು ಪಕ್ಕದ ಸಾಲಿಗೆ ಹೋದಳು. ನಾನು ಮೂರನೆಯ ಸಾಲು ಹಿಡಿದೆ.

ಒಂದು ಎಕರೆ ದೊಡ್ಡದಲ್ಲ ಎಂದು ತಿಳಿದಿದ್ದೆ. ಬಗ್ಗಿ ನೋಡಿದಾಗ ಅದಕ್ಕೆ ಕೊನೆಯೇ ಇರಲಿಲ್ಲ. ಎಲೆ ಸರಿಸಿದಲ್ಲೆಲ್ಲ ಮತ್ತೊಂದು ದಾರ. ಶಂಕರೆಪ್ಪ ಎತ್ತು ಹೊಡೆದುಕೊಂಡು ಅತ್ತ ಬಂದು ನಿಂತ.

"ಏನ ಅತ್ತಿಗಿ, ಹೊಲಾ ಬೋಳಸಾಕ ಹತ್ತೀರೇನ? ಜ್ವಾಳಾ ಬಿತ್ತಾಕ ನಾ ಕೂರಿಗಿ ತರಲೇನ?"

"ಇನ್ನ ಆರ ವಾರ ಹೂವ ಬರತಾವ, ಶಂಕರೆಪ್ಪ," ಎಂದಳು ರಾಚವ್ವ, ತಲೆ ಎತ್ತದೆ. "ಕೂರಿಗಿ ತುಕ್ಕ ಹಿಡಿದೀತು, ಎಣ್ಣಿ ಹಚ್ಚಿ ಇಡು."

ಅವನು ನಗಲು ಹೋಗಿ ನನ್ನನ್ನು ಕಂಡ. ಎತ್ತುಗಳನ್ನು ಹೊಡೆದುಕೊಂಡು ಹೋದ.

ಕೀಳುವುದು ಮುಗಿದಾಗ ಹೊತ್ತು ಕೆಂಪಾಗಿತ್ತು. ನಾಳೆಯ ಮೊಗ್ಗುಗಳನ್ನು ಈಗಲೇ ಬಿಡಿಸಬೇಕಿತ್ತು. ಕತ್ತಲೆಗೆ ಅರ್ಧ ತಾಸಿರಬಹುದು. ಊರೊಳಗೆ ಗುಡಿಯ ಗಂಟೆ ಬಾರಿಸಿತು. ರಾಚವ್ವನ ಕೈ ಮೊಗ್ಗಿನ ಹತ್ತಿರ ಹೋಗಿ ನಿಂತಿತು.

"ದೀಪದ ಹೊತ್ತಾತ್ರಿ, ಮಾಸ್ತರ."

ನನ್ನ ಅರವತ್ತನಾಲ್ಕು ವರ್ಷದಲ್ಲಿ ಆ ಹೊತ್ತಿನಲ್ಲಿ ನಾನು ಗಿಡದ ಒಂದು ಎಲೆ ಮುರಿದವನಲ್ಲ. ಕಮಲಾಬಾಯಿ ಪೂಜೆಗೆ ತುಳಸಿ ಸಾಲದಿದ್ದರೂ ಸಂಜೆ ಒಂದು ದಳ ಕೀಳುತ್ತಿರಲಿಲ್ಲ. ಗಿಡ ಮಲಗುವ ಹೊತ್ತು ಎನ್ನುತ್ತಿದ್ದಳು. ನಾನು ಗಿಡಕ್ಕೆ ಕೈ ಮುಗಿದೆ. ತಪ್ಪು ನನ್ನದು, ಇವರದಲ್ಲ ಎಂದು ಮನಸ್ಸಿನಲ್ಲಿ ಹೇಳಿ ಮೊಗ್ಗಿನ ಬುಡಕ್ಕೆ ಉಗುರು ಊರಿದೆ. ಮೊಗ್ಗು ಎರಡು ತುಂಡಾಗಿ ಕೈಗೆ ಬಂತು.

"ಹಂಗಲ್ರಿ!" ಎಂದಳು ಸತ್ಯವ್ವ. "ನೀವ ಬರದ ಹಾಳಿ ತಂದಿದ್ರ ಒಮ್ಮಿ ಓದಿ ನೋಡ್ರಿ."

ರಾಚವ್ವ ನಕ್ಕಳು. ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿ, ನನ್ನ ಪಕ್ಕದ ಗಿಡದಲ್ಲಿ ಒಂದು ಮೊಗ್ಗನ್ನು ಹಗುರಾಗಿ ತಿರುವಿ ತೆಗೆದಳು. ಆಮೇಲೆ ಇಬ್ಬರ ಕೈಗಳೂ ಬೇಗ ಬೇಗ ಓಡಿದವು. ನಾನು ಹಿಂದಿನಿಂದ ಕಾಗದದ ಚೀಲ ತೊಡಿಸುತ್ತ ಹೋದೆ. ಕಣ್ಣಿಗೆ ಮೊಗ್ಗು ಕಾಣದಾದಾಗ ಕೆಲಸ ನಿಲ್ಲಿಸಿದೆವು.

ಬೆಳಿಗ್ಗೆ ನದಿಯಲ್ಲಿ ಸ್ನಾನ ಮಾಡಿ ಹೊಲಕ್ಕೆ ಬಂದೆ. ನಾವು ಮೂವರು ಒಡ್ಡಿನ ಮೇಲೆ ಕುಳಿತಿದ್ದಾಗ ಇನ್‌ಸ್ಪೆಕ್ಟರು ಸೈಕಲ್ಲಿನಲ್ಲಿ ಬಂದರು. ಸುಮ್ಮನೆ ಕುಳಿತದ್ದಕ್ಕೆ ಮುಖ ಗಂಟು ಹಾಕಿದರು. ರಾಚವ್ವ ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಮುಂಜಾನೆ ಬಿಡಸ್ರಿ ಅಂತ ಯಾರು ಹೇಳಿದ್ರು?"

ಸತ್ಯವ್ವ ಬಾಯಿ ತೆರೆದಳು. ನಾನು ಎದ್ದು ನಿಂತೆ. "ಚಿತ್ರದಾಗ ತಪ್ಪು ಅದ ಅಂತ ನನಗ ಚೈತ್ರದಾಗೇ ಒಬ್ಬರು ಹೇಳಿದ್ರು. ನಾನು ತಿರುಗಿ ನೋಡಲಿಲ್ಲ. ಇವರದೇನೂ ತಪ್ಪಿಲ್ಲ."

"ಒಂದು ಹಳೇ ದಾರ ಸಿಕ್ಕರೂ ಹೊಲ ಪಟ್ಟಿಯಿಂದ ತೆಗೀಬೇಕಾಗ್ತದ," ಎಂದು ಅವರು ಸಾಲಿಗೆ ಇಳಿದರು.

ಒಂದೊಂದು ಗಿಡವನ್ನೂ ಬಗ್ಗಿ ನೋಡಿದರು. ರಾಚವ್ವ ಅವರ ಹಿಂದೆ ಹೋಗಲಿಲ್ಲ. ಮೊಣಕಾಲು ಅಪ್ಪಿಕೊಂಡು ಕುಳಿತು, ಅವರು ಬಾಗಿದಲ್ಲೆಲ್ಲ ಕಣ್ಣಿಟ್ಟಿದ್ದಳು. ನನ್ನ ಸಾಲಿನ ಹತ್ತಿರ ಅವರು ಬಹಳ ಹೊತ್ತು ನಿಂತರು. ನನ್ನ ಕಣ್ಣು ಮಂದ, ನಾನೇ ಬಿಟ್ಟಿರಬೇಕು ಎಂದುಕೊಂಡೆ. ಅವರು ಕಾಲಿಗೆ ಚುಚ್ಚಿದ ಮುಳ್ಳೊಂದನ್ನು ಕಿತ್ತು ಮುಂದೆ ನಡೆದರು.

ಆ ಕೊನೆಯಿಂದ ಬರುವಾಗ ಅವರ ಪಾಯಿಜಾಮ ಮೊಣಕಾಲಿನವರೆಗೆ ತೊಯ್ದಿತ್ತು. "ಒಂದೂ ಇಲ್ಲ. ಇವತ್ತಿನಿಂದ ಲೆಕ್ಕಕ್ಕ ಹಿಡೀತೀನಿ," ಎಂದು ಪುಸ್ತಕದಲ್ಲಿ ಬರೆದುಕೊಂಡರು. "ಮತ್ತ ಈಗ ಯಾಕ ಕುಂತೀರಿ? ಹೂವು ಮುಟ್ಟಸ್ರಿ."

"ಇಬ್ಬನಿ ಐತ್ರಿ," ಎಂದಳು ರಾಚವ್ವ. "ಇನ್ನೊಂದ ಗಳಿಗಿ."

ಅವರೂ ಸೈಕಲ್ಲು ಒರಗಿಸಿ ನಮ್ಮ ಪಕ್ಕದಲ್ಲಿ ಕುಳಿತರು. ನಾಲ್ವರೂ ಎಲೆಗಳನ್ನು ನೋಡುತ್ತ ಕಾದೆವು.