ಅಂಬಲಿ ಗಡಿಗೆಗೆ ಬ್ಲೀಚಿಂಗ್ ಪುಡಿ

ಅಜ್ಜಿಯ ಭೇದಿ ಹನ್ನೊಂದು ದಿನವಾದರೂ ನಿಂತಿರಲಿಲ್ಲ. ಇರಬಹುದಾದ ಕಾರಣ ಎರಡು, ಎರಡೂ ಒಂದೇ ವಾರದಲ್ಲಿ ಆದವು. ಒಂದು ಮನೆಯವರಿಗೆಲ್ಲ ಗೊತ್ತಿತ್ತು, ಇನ್ನೊಂದು ನನಗೊಬ್ಬಳಿಗೇ.

ಎಲ್ಲರಿಗೂ ಗೊತ್ತಿದ್ದದ್ದು ಮಾತ್ರೆ. ಹಿಪ್ಪುನೇರಳೆ ತೋಟದಲ್ಲಿ ಕತ್ತರಿಸಿದ ಗಿಡದ ಕೂಳೆ ಚುಚ್ಚಿ ಅಜ್ಜಿಯ ಕಾಲು ಕೀವಾಗಿತ್ತು. ಶಿಡ್ಲಘಟ್ಟದ ಡಾಕ್ಟರು ಏಳು ದಿನ ಆ್ಯಂಟಿಬಯಾಟಿಕ್ ಕೊಟ್ಟರು. ಗಾಯ ಮಾಯಿತು, ಹೊಟ್ಟೆ ಕೆಟ್ಟಿತು.

ನನಗಷ್ಟೇ ಗೊತ್ತಿದ್ದದ್ದು ಗಡಿಗೆ. ಹೊಸ ಬೆಳೆಗೆ ರೇಷ್ಮೆ ಮರಿ ತರುವ ಮೊದಲು ನಾವು ಹುಳುಮನೆಯ ಗೋಡೆ, ನೆಲ, ತಟ್ಟೆ ಎಲ್ಲವನ್ನೂ ಬ್ಲೀಚಿಂಗ್ ಪುಡಿಯ ನೀರಲ್ಲಿ ತೊಳೆಯುತ್ತೇವೆ. ಆ ದಿನ ಅರ್ಧ ಬಕೆಟ್ ಮಿಕ್ಕಿತ್ತು. ಅಡುಗೆಮನೆಯಲ್ಲಿ ಅಜ್ಜಿಯ ಅಂಬಲಿ ಗಡಿಗೆ. ಅದನ್ನು ಅವಳು ಯಾವತ್ತೂ ಪೂರ್ತಿ ತೊಳೆಯುವವಳಲ್ಲ. ತಳದಲ್ಲಿ ಒಂದು ಸೌಟು ಹಳೇ ಅಂಬಲಿ ಬಿಟ್ಟು, ಅದರ ಮೇಲೆ ಹೊಸ ರಾಗಿ ಗಂಜಿ ಸುರಿಯುತ್ತಾಳೆ. ಬೆಳಗಾಗುವಷ್ಟರಲ್ಲಿ ಹುಳಿ ಬಂದಿರುತ್ತದೆ. ನಾನು ಮೈಕ್ರೋಬಯಾಲಜಿ ಬಿ.ಎಸ್ಸಿ. ಗಡಿಗೆಯ ಬಾಯಿಗೆ ಕಟ್ಟಿದ್ದ ಬೂದು ಪೊರೆ ನೋಡಿ, ಕಾಲು ಕೀವಾದವರಿಗೆ ಇದನ್ನು ಕುಡಿಸುವುದಾ ಅನ್ನಿಸಿತು. ಬಕೆಟ್‌ನಲ್ಲಿದ್ದ ನೀರು ಸುರಿದೆ, ಉಜ್ಜಿದೆ, ನಾಲ್ಕು ಸಲ ಜಾಲಿಸಿ ಬಿಸಿಲಿಗಿಟ್ಟೆ. ಯಾರಿಗೂ ಹೇಳಲಿಲ್ಲ.

"ಇದೇನೇ ಶಿರೀಷಾ, ಅಂಬಲಿ ಸಪ್ಪಗೈತೆ," ಅಂದಳು ಅಜ್ಜಿ ಮಾರನೇ ದಿನ.

"ಮಾತ್ರೆ ತಗೊಂತಿದ್ದೀಯಲ್ಲಮ್ಮ, ಬಾಯಿ ಕೆಟ್ಟಿರ್ತದೆ," ಅಂದರು ಅಪ್ಪ. ಅಜ್ಜಿ ಎರಡು ದಿನ ನೋಡಿ ಅಂಬಲಿಯನ್ನೇ ಬಿಟ್ಟಳು. ಆಮೇಲೆ ಭೇದಿ.

ಮತ್ತೆ ಡಾಕ್ಟರ ಹತ್ತಿರ ಹೋದಾಗ ಅಜ್ಜಿಯ ತೂಕ ಮೂರು ಕೇಜಿ ಇಳಿದಿತ್ತು. ಇನ್ನೂ ಇಳಿದರೆ ಅಡ್ಮಿಟ್ ಮಾಡಬೇಕು ಅಂದರು.

"ಮಾತ್ರೆ ಬಿಟ್ಟು ಬೇರೇನಾದ್ರೂ ಬದಲಾಯ್ತಾ? ಊಟ, ನೀರು?"

"ಏನೂ ಇಲ್ಲ ಸಾರ್," ಅಂದರು ಅಪ್ಪ.

ನನ್ನ ಬಾಯಿಂದ ಏನೋ ಬಂತು. "ಜೋರಾಗಿ ಹೇಳಮ್ಮ," ಅಂದರು ಡಾಕ್ಟರು. ಗಡಿಗೆ ತೊಳೆದದ್ದನ್ನು ಹೇಳಿದೆ. ಅಪ್ಪ ನನ್ನತ್ತ ತಿರುಗಿದರು. ಅಜ್ಜಿ ಮಾತ್ರ ಕುರ್ಚಿಯಲ್ಲೇ ಕುಲುಕುಲು ನಕ್ಕಳು. "ನನ್ನ ಹೊಟ್ಟೇನೂ ಹುಳದ ಮನೆ ಅನ್ಕೊಂಡವ್ಳೆ ಸಾರ್."

ಡಾಕ್ಟರು ನಗಲಿಲ್ಲ. "ಮಾತ್ರೆ ಕೀವಿನ ಕ್ರಿಮಿ ಜೊತೆಗೆ ಕರುಳಲ್ಲಿರೋ ಒಳ್ಳೇವನ್ನೂ ಕೊಲ್ಲುತ್ತೆ. ಅವು ಖಾಲಿ ಮಾಡಿದ ಜಾಗಕ್ಕೆ ಕೆಟ್ಟವು ಬಂದು ಕೂರಬಹುದು. ನನ್ನ ಅನುಮಾನ ಮಾತ್ರೆ ಮೇಲೇ."

"ಅಂಬಲಿ ಇದ್ದಿದ್ರೆ ತಡೀತಿತ್ತಾ ಸಾರ್?"

"ಹೇಳಕ್ಕಾಗಲ್ಲಮ್ಮ. ನೀನೂ ಓದಿದ್ದೀಯಲ್ಲ."

ಓದಿದ್ದೆ. ನಾವು ಅರಗಿಸಲಾಗದ ನಾರನ್ನು ಕರುಳಿನ ಒಳ್ಳೇ ಕ್ರಿಮಿಗಳು ಹುಳಿಸುತ್ತವೆ, ಅದರಿಂದ ಕರುಳಿನ ಗೋಡೆಗೆ ಆಹಾರ ಸಿಗುತ್ತದೆ ಎಂದು ಬರೆದು ಹತ್ತಕ್ಕೆ ಒಂಬತ್ತು ತಗೊಂಡಿದ್ದೆ. ಆ ಉತ್ತರದಲ್ಲಿ ಅಜ್ಜಿ ಇರಲಿಲ್ಲ.

ಮಲದ ಪರೀಕ್ಷೆಯಲ್ಲಿ ಡಾಕ್ಟರು ಹೆದರಿದ್ದ ಕ್ರಿಮಿ ಸಿಗಲಿಲ್ಲ. ಅಂಬಲಿ ಅರ್ಧ ಲೋಟ ಕೊಟ್ಟು ನೋಡಿ, ಭೇದಿ ಹೆಚ್ಚಾದರೆ ನಿಲ್ಲಿಸಿ ಅಂದರು. ಆದರೆ ನಮ್ಮ ಗಡಿಗೆಯಲ್ಲಿ ಹುಳಿ ಸತ್ತಿತ್ತು. ಪಕ್ಕದ ಬೀದಿಯ ಓಬಳಮ್ಮನವರ ಮನೆಗೆ ಚೊಂಬು ಹಿಡಿದು ಹೋದೆ.

"ನಿಮ್ಮ ಗಡಿಗೆಗೇನಾಯ್ತೇ?"

"ತೊಳೆದುಬಿಟ್ಟೆ."

"ತೊಳುದ್ರೆ ಹೋಗೋದಾ ಅದು?"

"ಬ್ಲೀಚಿಂಗ್‌ನಲ್ಲಿ ತೊಳೆದೆ."

ಓಬಳಮ್ಮ ನನ್ನನ್ನೇ ನೋಡಿದರು. "ಕಾಲೇಜಲ್ಲಿ ಅದನ್ನೇ ಹೇಳ್ಕೊಟ್ರೇನಮ್ಮ?" ಅಂದು ಚೊಂಬು ತುಂಬಿಸಿದರು.

ದಿನಕ್ಕೆ ಎಂಟು ಸಲ ಹೋಗುತ್ತಿದ್ದ ಅಜ್ಜಿ, ಆ ಅಂಬಲಿ ಕುಡಿಯತೊಡಗಿದ ಮೂರನೇ ದಿನ ಮೂರು ಸಲ ಹೋದಳು. ಅಂಬಲಿಯಿಂದಲೋ, ಮಾತ್ರೆ ಮುಗಿದು ಇಷ್ಟು ದಿನವಾಯಿತೆಂದೋ, ತಾನಾಗಿಯೇ ನಿಲ್ಲುವ ಹೊತ್ತೋ? ಒಂದನ್ನು ಹಿಡಿದರೆ ಇನ್ನೊಂದು ಸರಿಯೆನಿಸುತ್ತದೆ. ನಾನು ತೊಳೆಯದಿದ್ದರೆ ಭೇದಿ ಬರುತ್ತಿತ್ತೋ ಇಲ್ಲವೋ, ಅದೂ ತಿಳಿಯುವುದಿಲ್ಲ.

"ಇನ್ನೊಂದು ಲೋಟ ಹುಯ್ಯೇ," ಅಂದಳು ಅಜ್ಜಿ, ಅರ್ಧ ಲೋಟ ಕುಡಿದು ಮುಗಿಸಿ.

"ಡಾಕ್ಟರು ಅರ್ಧ ಅಂದವ್ರೆ."

"ನೀನೇನಂತೀಯ? ಓದಿದೋಳು."

"ಗೊತ್ತಿಲ್ಲ ಅಜ್ಜಿ."

ಅಜ್ಜಿ ಲೋಟ ಮುಂದೆ ಚಾಚಿದಳು. "ಹಂಗಾದ್ರೆ ಕಾಲು ಲೋಟ ಹುಯ್ಯಿ, ನೋಡಣ."